ಸತ್ತವನ ಮನೆಯಲ್ಲಿ ಯಾರಿಗೆ ಏನು ಗೊತ್ತು? ಕೌಟುಂಬಿಕ ಸಸ್ಪೆನ್ಸ್ ಕಾದಂಬರಿ ಕಟ್ಟುವ ಬಗೆ

ಕೌಟುಂಬಿಕ ಸಸ್ಪೆನ್ಸ್ ಬರೆಯಲು ಕೂತ ಹೆಚ್ಚಿನವರು ಮೊದಲು ಹುಡುಕುವುದು ಒಬ್ಬ ಖಳನನ್ನು. ಕಾದಂಬರಿ ಸೊರಗತೊಡಗುವುದು ಅಲ್ಲಿಂದಲೇ. ಪತ್ತೇದಾರಿ ಕಥೆಯಲ್ಲಿ ತನಿಖೆಗೆ ಬರುವವನು ಹೊರಗಿನವನು. ಯಾರನ್ನು ಏನು ಕೇಳಿದರೂ ಅವನ ಸಂಸಾರಕ್ಕೆ ಏನೂ ಆಗುವುದಿಲ್ಲ. ಇಲ್ಲಿ ಹಾಗಲ್ಲ. ಮಗನನ್ನು ಕಳೆದುಕೊಂಡ ತಾಯಿ ಪ್ರಶ್ನೆ ಕೇಳಬೇಕಾದದ್ದು ಗಂಡನನ್ನು, ಮಗಳನ್ನು, ಮೈದುನನನ್ನು. ಒಂದೊಂದು ಪ್ರಶ್ನೆಗೂ ಒಂದೊಂದು ಸಂಬಂಧ ಪಣಕ್ಕೆ ಬೀಳುತ್ತದೆ. ಆದ್ದರಿಂದ ಮೊದಲು ಕಟ್ಟಬೇಕಾದದ್ದು ಮನೆಯವರ ಮೌನ: ಯಾರಿಗೆ ಏನು ಗೊತ್ತು, ಯಾವಾಗಿನಿಂದ ಗೊತ್ತು, ಯಾಕೆ ಹೇಳುತ್ತಿಲ್ಲ.

ಒಂದು ಉದಾಹರಣೆ ಇಟ್ಟುಕೊಂಡು ಕೊನೆಯವರೆಗೂ ಅದರಲ್ಲೇ ಕೆಲಸ ಮಾಡೋಣ. ಹದಿನಾರರ ಹುಡುಗ ಸಂಜೆ ಮನೆಯಿಂದ ಹೊರಟವನು ವಾಪಸ್ ಬರುವುದಿಲ್ಲ. ಮೂರನೆಯ ದಿನ ಬೆಳಿಗ್ಗೆ ಜಲಾಶಯದಲ್ಲಿ ಹೆಣ ತೇಲುತ್ತದೆ. ಕಾಲು ಜಾರಿ ಬಿದ್ದಿದ್ದಾನೆ ಎನ್ನುತ್ತಾರೆ ಪೊಲೀಸರು. ಮನೆಯಲ್ಲಿರುವವರು ತಾಯಿ, ತಂದೆ, ಇಪ್ಪತ್ತೆರಡರ ಅಕ್ಕ. ಹತ್ತಿರದಲ್ಲೇ ಚಿಕ್ಕಪ್ಪ, ಚಿಕ್ಕಮ್ಮ.

ಮೊದಲು ನಿಜ, ಆಮೇಲೆ ಕಥೆ

ಮೊದಲ ಅಧ್ಯಾಯಕ್ಕೆ ಕೈ ಹಾಕುವ ಮುಂಚೆ ಆ ರಾತ್ರಿ ನಿಜವಾಗಿ ಏನಾಯಿತು ಎಂಬುದನ್ನು ಗಂಟೆ ನಿಮಿಷ ಸಮೇತ ಒಂದು ಹಾಳೆಯಲ್ಲಿ ಬರೆಯಿರಿ. ಅಲಂಕಾರ ಬೇಡ, ವರದಿಯ ಹಾಗೆ ಇರಲಿ.

6.30ಕ್ಕೆ ತಾಯಿ ಮಗನಿಗೆ ಬೈದು ಮೊಬೈಲ್ ಕಿತ್ತಿಟ್ಟುಕೊಳ್ಳುತ್ತಾಳೆ. 6.45ಕ್ಕೆ ಅಕ್ಕ, ಚಿಕ್ಕಪ್ಪನ ಮನೆಯಲ್ಲಿ ತಾನು ಬಚ್ಚಿಟ್ಟ ಹಣದ ಕವರು ತಂದುಕೊಡು ಎಂದು ತಮ್ಮನನ್ನು ಕಳಿಸುತ್ತಾಳೆ, ಬಾಯಿಮಾತಿನಲ್ಲೇ. 7.20ಕ್ಕೆ ಅವನು ಚಿಕ್ಕಪ್ಪನ ಮನೆಯಲ್ಲಿ. ಚಿಕ್ಕಮ್ಮ ಊರಲ್ಲಿಲ್ಲ. 8.10ಕ್ಕೆ, ಕುಡಿದಿದ್ದ ಚಿಕ್ಕಪ್ಪ ಮನೆಗೆ ಬಿಡುತ್ತೇನೆಂದು ಕಾರು ಹತ್ತಿಸುತ್ತಾನೆ. 8.30ಕ್ಕೆ ಜಲಾಶಯದ ರಸ್ತೆಯಲ್ಲಿ ಜಗಳ. ಹುಡುಗ ಇಳಿದು ಕತ್ತಲಲ್ಲಿ ಮೆಟ್ಟಿಲ ಕಡೆ ಹೋಗುತ್ತಾನೆ. ಬಿದ್ದ ಸದ್ದು ಕೇಳುತ್ತದೆ. 8.40ಕ್ಕೆ ಚಿಕ್ಕಪ್ಪ ಹೆದರಿ ಕಾರು ತಿರುಗಿಸಿಕೊಂಡು ಹೋಗುತ್ತಾನೆ. ಆಫೀಸಿನಿಂದ ಬಂದೆ ಎಂದು ತಂದೆ 9ಕ್ಕೆ ಮನೆ ಸೇರುತ್ತಾನೆ. ಕೆಲಸ ಹೋಗಿ ಎರಡು ತಿಂಗಳಾಗಿದೆ, ದಿನವೂ ಗ್ರಂಥಾಲಯದಲ್ಲಿ ಕೂತು ಬರುತ್ತಾನೆ.

ಇದರಲ್ಲಿ ಕೊಲೆಗಾರ ಇಲ್ಲ, ನೋಡಿ. ಕೂಗಿದ್ದರೆ, ಇಳಿದು ನೋಡಿದ್ದರೆ ಹುಡುಗ ಉಳಿಯುತ್ತಿದ್ದನೋ ಏನೋ, ಅಷ್ಟೇ. ಸಾಮಾನ್ಯ ಮನುಷ್ಯರ ಕಥೆಗೆ ಈ ಅಳತೆಯ ಅಪರಾಧವೇ ಸರಿ. ಚಿಕ್ಕಪ್ಪನನ್ನು ಒಳಗೊಳಗೇ ಸಂಚು ಹೂಡಿದ ಪಿಶಾಚಿಯನ್ನಾಗಿ ಮಾಡಿದ ಕ್ಷಣದಲ್ಲೇ ಓದುಗ ಕೈತೊಳೆದುಕೊಳ್ಳುತ್ತಾನೆ: ‘ನನ್ನ ಮನೆಯಲ್ಲಿ ಇಂಥವರಿಲ್ಲ.’ ಹೆದರಿ ಓಡಿದವನಾದರೆ ಹಾಗೆ ಹೇಳಿ ಪಾರಾಗಲು ಆಗದು.

ಮೊಬೈಲನ್ನು ತಾಯಿಯ ಬೀರುವಿನಲ್ಲಿ ಇಟ್ಟದ್ದೂ ಲೆಕ್ಕ ಹಾಕಿಯೇ. ಈಗಿನ ಕಾಲದ ಕಥೆ ಬರೆಯುವವರು ಮೊದಲು ಉತ್ತರಿಸಬೇಕಾದ ಪ್ರಶ್ನೆ ಅದು: ಫೋನ್ ಎಲ್ಲಿದೆ, ಯಾಕೆ ಯಾರೂ ಕರೆ ಮಾಡಲಿಲ್ಲ? ‘ಬ್ಯಾಟರಿ ಮುಗಿದಿತ್ತು’, ‘ನೆಟ್‌ವರ್ಕ್ ಇರಲಿಲ್ಲ’ ಎಂಬ ಉತ್ತರಗಳಿಂದ ಲೇಖಕನ ಸೋಮಾರಿತನ ಬಯಲಾಗುತ್ತದೆ. ಫೋನ್ ಇಲ್ಲದಿರುವುದಕ್ಕೆ ಮನೆಯವರೊಬ್ಬರ ಕೃತ್ಯವೇ ಕಾರಣವಾದರೆ ತಾಂತ್ರಿಕ ತೊಡಕೂ ತೀರುತ್ತದೆ, ಒಂದು ಪಾಪಪ್ರಜ್ಞೆಯೂ ಹುಟ್ಟುತ್ತದೆ.

ಮೂರು ದಿನಾಂಕದ ಪರೀಕ್ಷೆ

ನಾಲ್ವರ ಬಳಿಯೂ ಒಂದೊಂದು ಗುಟ್ಟಿದೆ. ತಾಯಿ ಫೋನ್ ಕಿತ್ತುಕೊಂಡು ‘ಮನೆಗೆ ಬರಲೇಬೇಡ’ ಎಂದದ್ದು, ತಂದೆಯ ಕೆಲಸ ಹೋದದ್ದು, ಅಕ್ಕ ತಮ್ಮನನ್ನು ಕಳಿಸಿದ್ದು, ಚಿಕ್ಕಪ್ಪ ಹೆದರಿ ಓಡಿದ್ದು. ಸಾವಿಗೆ ನೇರ ಸಂಬಂಧ ಇರುವುದು ಒಂದಕ್ಕೆ. ಆದರೆ ನಾಲ್ವರೂ ‘ನನ್ನಿಂದಲೇ ಆಯಿತು’ ಎಂದುಕೊಂಡಿದ್ದಾರೆ. ಈ ಪ್ರಕಾರದ ಇಂಜಿನ್ನೇ ಅದು.

ಗುಟ್ಟು ನಿಲ್ಲುವುದು ಅದನ್ನು ಮುಚ್ಚಿಡುವ ಕಾರಣದ ಮೇಲೆ. ಪ್ರತಿಯೊಬ್ಬರಿಗೂ ಮೂರು ಬಾರಿ ಕೇಳಿ: ಮೊದಲ ರಾತ್ರಿ ಯಾಕೆ ಹೇಳಲಿಲ್ಲ? ಹೆಣ ಸಿಕ್ಕ ದಿನ ಯಾಕೆ ಹೇಳಲಿಲ್ಲ? ಹತ್ತನೆಯ ದಿನ ಯಾಕೆ ಹೇಳಲಿಲ್ಲ? ಮೂರಕ್ಕೂ ಒಂದೇ ಉತ್ತರ ಬಂದರೆ ಆ ಪಾತ್ರ ಅರ್ಧ ದಾರಿಯಲ್ಲಿ ಕುಸಿಯುತ್ತದೆ. ಅಕ್ಕನನ್ನೇ ತೆಗೆದುಕೊಳ್ಳಿ. ಮೊದಲ ರಾತ್ರಿ: ಅವನು ಬಂದೇ ಬರುತ್ತಾನೆ, ಸುಮ್ಮನೆ ಹಣದ ವಿಷಯ ಹೊರಬೀಳುತ್ತದೆ. ಮೂರನೆಯ ದಿನ: ಹೇಳಿದರೆ ಅಮ್ಮ ಜನ್ಮದಲ್ಲಿ ಮುಖ ನೋಡುವುದಿಲ್ಲ. ಹತ್ತನೆಯ ದಿನ: ‘ಅವನು ಎಲ್ಲಿಗೆ ಹೋದನೋ ಗೊತ್ತಿಲ್ಲ’ ಎಂದು ಆಗಲೇ ಪೊಲೀಸರಿಗೆ ಬರೆದುಕೊಟ್ಟಾಗಿದೆ. ನಾಚಿಕೆ ಭಯವಾಗಿ, ಭಯ ಕಾನೂನಿನ ತೊಡಕಾಗಿ ಬೆಳೆದಿದೆ. ಹೀಗೆ ಬೆಲೆ ಏರುತ್ತಾ ಹೋದರೆ ‘ಒಂದು ಮಾತು ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತಲ್ಲ’ ಎಂದು ಓದುಗ ಪುಸ್ತಕ ಬದಿಗಿಡುವುದಿಲ್ಲ. ಈ ಬಗೆಯ ಹಸ್ತಪ್ರತಿಗಳು ಬೀಳುವುದು ಹೆಚ್ಚಾಗಿ ಈ ಒಂದು ವಾಕ್ಯಕ್ಕೇ.

ಗೊತ್ತಿರುವುದರ ಲೆಕ್ಕಪುಸ್ತಕ

ಉದ್ದ ಹಾಳೆಯಲ್ಲಿ ಅಥವಾ ಸ್ಪ್ರೆಡ್‌ಶೀಟಿನಲ್ಲಿ ಅಡ್ಡಸಾಲಿಗೆ ದೃಶ್ಯಗಳು, ಕಂಬಸಾಲಿಗೆ ಪಾತ್ರಗಳು. ಒಂದೊಂದು ಚೌಕದಲ್ಲಿ ಮೂರು ವಿಷಯ: ಈ ದೃಶ್ಯ ಮುಗಿದಾಗ ಅವರಿಗೆ ಗೊತ್ತಿರುವುದೇನು, ತಪ್ಪಾಗಿ ನಂಬಿರುವುದೇನು, ಯಾರಿಗೆ ಯಾವ ಸುಳ್ಳು ಹೇಳಿದ್ದಾರೆ. ಕೊನೆಯ ಕಂಬಸಾಲನ್ನು ಓದುಗನಿಗೆ ಬಿಡಿ. ಎಲ್ಲಕ್ಕಿಂತ ಮುಖ್ಯ ಅದು.

ಓದುಗನಿಗೆ ಪಾತ್ರಕ್ಕಿಂತ ಹೆಚ್ಚು ಗೊತ್ತಿದ್ದರೆ ಹುಟ್ಟುವುದು ಆತಂಕ. ಕಡಿಮೆ ಗೊತ್ತಿದ್ದರೆ ಕುತೂಹಲ. ಇಬ್ಬರಿಗೂ ಸಮ ಇದ್ದರೆ ಜೊತೆಗೆ ನಡೆಯುವ ಅನುಭವ. ಮೂರನ್ನೂ ಬಳಸಬೇಕು, ಆದರೆ ಕುತೂಹಲವೊಂದನ್ನೇ ನೆಚ್ಚಿಕೊಂಡರೆ ಓದುಗನಿಗೆ ತನ್ನನ್ನು ಆಟ ಆಡಿಸುತ್ತಿದ್ದಾರೆ ಅನ್ನಿಸುತ್ತದೆ. ಅಕ್ಕನೇ ಕಳಿಸಿದ್ದು ಎಂಬುದನ್ನು ತಾಯಿಗಿಂತ ಎಂಟು ಹತ್ತು ದೃಶ್ಯ ಮುಂಚೆಯೇ ಓದುಗನಿಗೆ ಹೇಳಿಬಿಡಿ. ಆಮೇಲೆ ತಾಯಿ ಮಗಳ ತಲೆ ಬಾಚುವ ಸಾದಾ ದೃಶ್ಯವೂ ಉಸಿರು ಬಿಗಿಹಿಡಿದು ಓದುವಂತಾಗುತ್ತದೆ. ಅದರಲ್ಲಿ ನೀವು ಒಂದು ಕಟುಶಬ್ದವನ್ನೂ ಸೇರಿಸಬೇಕಾಗಿಲ್ಲ.

ಓದುಗನ ಕಂಬಸಾಲು ಮೂರು ದೃಶ್ಯ ಸತತವಾಗಿ ಬದಲಾಗದೆ ಉಳಿದಿದ್ದರೆ ಆ ಮೂರನ್ನು ಒಂದಾಗಿಸಿ. ಕಥೆ ಎಳೆದಂತಿದೆ ಎಂಬ ದೂರಿಗೆ ಗಾಳಿ, ಮಳೆ, ಬೆನ್ನಟ್ಟುವ ಬೈಕು ಮದ್ದಲ್ಲ.

ಅಳತೆಯ ಮಾತು. ಇಂಗ್ಲಿಷಿನಲ್ಲಿ ಈ ಬಗೆಯ ಕಾದಂಬರಿಗಳು ಸಾಮಾನ್ಯವಾಗಿ 80,000–90,000 ಪದಗಳಿರುತ್ತವೆ. ಕನ್ನಡದಲ್ಲಿ ಪ್ರತ್ಯಯಗಳು ಪದಕ್ಕೇ ಅಂಟುವುದರಿಂದ ಅಷ್ಟೇ ಕಥೆಗೆ ಪದ ಕಡಿಮೆ ಸಾಕು. 50,000–60,000ಕ್ಕೆ ಯೋಜನೆ ಹಾಕಿಕೊಳ್ಳಿ. 1,000ದಿಂದ 1,400 ಪದಗಳ ಸುಮಾರು 48 ದೃಶ್ಯಗಳು. ದುರಂತ ಮೊದಲ ಐದು ದೃಶ್ಯಗಳೊಳಗೆ ನಡೆದುಹೋಗಬೇಕು. ಮೊದಲ ಗಟ್ಟಿ ಅನುಮಾನ ಏಳು ಎಂಟರ ಹೊತ್ತಿಗೆ. ತಂದೆಯ ಗುಟ್ಟು 14ರ ಆಸುಪಾಸು, ಅಕ್ಕನದು ತಾಯಿಗೆ ತಿಳಿಯುವುದು ನಡುಮಧ್ಯ, ತಾಯಿಯದು 30ರ ಸುತ್ತ, ಚಿಕ್ಕಪ್ಪನದು 41–42. ಒಂದೊಂದು ಗುಟ್ಟು ಒಡೆದಾಗ ಒಂದು ಪ್ರಶ್ನೆಗೆ ಉತ್ತರ ಸಿಗಬೇಕು, ಅದಕ್ಕಿಂತ ಕೆಟ್ಟದ್ದೊಂದು ಹುಟ್ಟಬೇಕು. ತಂದೆ ಆಫೀಸಿನಲ್ಲಿ ಇರಲಿಲ್ಲ ಎಂದು ತಿಳಿದಾಗ ‘ಹಾಗಾದರೆ ಎಲ್ಲಿದ್ದ?’, ಗ್ರಂಥಾಲಯದಲ್ಲಿದ್ದ ಎಂದು ಖಚಿತವಾದಾಗ ಅವನು ನಿರಪರಾಧಿ, ಆದರೆ ‘ಎರಡು ತಿಂಗಳು ನನ್ನೆದುರು ನಟಿಸಿದವನು ಇನ್ನೇನನ್ನು ಮುಚ್ಚಿಟ್ಟಿಲ್ಲ?’

ಸುಳಿವು ಹೂಳುವುದು

ನಿರ್ಣಾಯಕ ಸುಳಿವು ಮೂರು ಸಲ ಕಾಣಿಸಿಕೊಳ್ಳಲಿ: ಮೊದಲು ಲೆಕ್ಕಕ್ಕಿಲ್ಲದ ವಿವರವಾಗಿ, ಎರಡನೆಯ ಸಲ ತಪ್ಪು ಅರ್ಥ ಹೊತ್ತು, ಕೊನೆಗೆ ಸರಿಯಾಗಿ.

ಹುಡುಗ ಎತ್ತರದವನು, ಕಾಲು ಚಾಚಲು ಚಿಕ್ಕಪ್ಪನ ಕಾರಿನ ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ ಕೂತಿದ್ದ. ಎರಡನೆಯ ದಿನ ಮಗನನ್ನು ಹುಡುಕಲು ಅದೇ ಕಾರು ಹತ್ತಿದ ತಾಯಿ ಸೀಟನ್ನು ಕಟಕಟ ಮುಂದಕ್ಕೆ ಎಳೆದುಕೊಳ್ಳುತ್ತಾಳೆ. ಆಗ ಅವಳ ಮನಸ್ಸೆಲ್ಲ ಆಸ್ಪತ್ರೆಯಿಂದ ಬಂದ ಕರೆಯ ಮೇಲೆ, ಓದುಗನದೂ. ಹನ್ನೆರಡನೆಯ ದೃಶ್ಯದಲ್ಲಿ ಚಿಕ್ಕಮ್ಮ, ‘ನಾನು ಊರಿಗೆ ಹೋಗುವಾಗ ಸೀಟು ಸರಿಯಾಗೇ ಇತ್ತಲ್ಲ, ಯಾರು ಮುಟ್ಟಿದ್ದು?’ ಎಂದಾಗ ‘ಮೆಕ್ಯಾನಿಕ್ ಇರಬೇಕು’ ಎನ್ನುತ್ತಾನೆ ಚಿಕ್ಕಪ್ಪ, ಮಾತು ಮುಂದೆ ಹೋಗುತ್ತದೆ. ನಲವತ್ತನೆಯ ದೃಶ್ಯದಲ್ಲಿ ತಾಯಿ ಬೇರೆ ಯಾವುದೋ ವಾಹನದಲ್ಲಿ ಕಾಲಿಗೆ ಜಾಗ ಸಾಲದೆ ಕೈಯನ್ನು ಸೀಟಿನ ಕೆಳಗೆ ಒಯ್ಯುತ್ತಾಳೆ.

ಸುಳಿವು ಅಡಗಿಸಲು ಒಳ್ಳೆಯ ಜಾಗಗಳು ಎರಡೇ: ಭಾವದ ಗದ್ದಲ ಇರುವ ದೃಶ್ಯ, ಮತ್ತು ಸಿದ್ಧ ವಿವರಣೆಯ ಬೆನ್ನ ಹಿಂದೆ. ಪಟ್ಟಿಯ ನಡುವೆ ಹುದುಗಿಸುವ ಹಳೆಯ ಉಪಾಯವೂ ಇದೆ, ಆದರೆ ಪಳಗಿದ ಓದುಗರು ಪಟ್ಟಿ ಕಂಡರೆ ಕಿವಿ ನಿಮಿರಿಸುತ್ತಾರೆ. ಅಧ್ಯಾಯದ ಕೊನೆಯ ಸಾಲಿನಲ್ಲಂತೂ ಸುಳಿವು ಇಡಬೇಡಿ. ಅಲ್ಲಿ ಇಟ್ಟದ್ದನ್ನು ಯಾರೂ ಮರೆಯುವುದಿಲ್ಲ.

ಯಾರ ಬಾಯಲ್ಲಿ ಹೇಳಿಸುವುದು

‘ನಾನು’ ಎಂದು ತಾಯಿಯೇ ಹೇಳುವ ಕಥೆಯಲ್ಲಿ ಅವಳ ಗುಟ್ಟನ್ನು ಓದುಗನಿಂದ ಬಚ್ಚಿಡುವುದು ನಾಜೂಕಿನ ಕೆಲಸ. ಅವಳಿಗೆ ಗೊತ್ತಿರುವುದನ್ನು ಅವಳೇ ಹೇಳದಿದ್ದರೆ ಮೋಸ ಅನ್ನಿಸುತ್ತದೆ. ದಾರಿ ಏನೆಂದರೆ, ಅವಳು ಅದರ ಹತ್ತಿರ ಸುಳಿದು ಮತ್ತೆ ಮತ್ತೆ ಪಕ್ಕಕ್ಕೆ ಸರಿಯುವುದು ಓದುಗನಿಗೆ ಕಾಣುತ್ತಿರಲಿ: ಬೀರುವಿನ ಬಾಗಿಲು ತೆಗೆಯುವುದಿಲ್ಲ, ‘ಆ ಸಂಜೆ’ ಎಂದು ಶುರುವಾದ ವಾಕ್ಯ ಮುಗಿಯುವುದಿಲ್ಲ. ಮುಚ್ಚಿಡುತ್ತಿದ್ದಾಳೆ ಎಂಬುದು ಗೊತ್ತಿದ್ದು, ಏನನ್ನು ಎಂಬುದು ಗೊತ್ತಿಲ್ಲದಿದ್ದರೆ ಮೋಸವಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಡಕಿದೆ. ತಪ್ಪಿತಸ್ಥರ ಹೆಸರು ಹೇಳದೆ ಅವರ ಕಣ್ಣಿನಿಂದ ಒಂದೆರಡು ಅಧ್ಯಾಯ ಬರೆಯುವುದು ಈ ಪ್ರಕಾರದಲ್ಲಿ ರೂಢಿ. ನಮ್ಮ ಕ್ರಿಯಾಪದ ಗುಟ್ಟು ಬಿಟ್ಟುಕೊಡುತ್ತದೆ: ‘ಬಂದನು’ ಎಂದ ಕೂಡಲೇ ಹೆಂಗಸರೆಲ್ಲ ಪಟ್ಟಿಯಿಂದ ಹೊರಗೆ. ‘ಬಾಗಿಲು ತೆರೆಯಲ್ಪಟ್ಟಿತು’ ಎಂಬ ಕರ್ಮಣಿಯ ಮೊರೆ ಹೋದರೆ ಸರ್ಕಾರಿ ಸುತ್ತೋಲೆಯ ವಾಸನೆ. ಸಲೀಸಾದ ದಾರಿ ಉತ್ತಮ ಪುರುಷ, ‘ನಾನು ಬಂದೆ’, ಅದಕ್ಕೆ ಲಿಂಗವಿಲ್ಲ. ಕೃದಂತವೂ ಕೈ ಹಿಡಿಯುತ್ತದೆ: ‘ಕಾರಿನ ಕೀಲಿ ತಿರುಗಿಸುತ್ತಿದ್ದ ಕೈ ನಡುಗುತ್ತಿತ್ತು.’ ಸಾಕ್ಷಿಯ ಬಾಯಲ್ಲಾದರೆ ‘ಕಾರಲ್ಲಿ ಯಾರೋ ಇದ್ರು’ ಸಹಜವಾಗಿಯೇ ಬರುತ್ತದೆ, ಗಂಡೋ ಹೆಣ್ಣೋ ತಿಳಿಯುವುದಿಲ್ಲ.

ಸಂಬೋಧನೆಯಿಂದಲೂ ಸುಳಿವು ಕೊಡಬಹುದು. ಮಾತಿಗೊಮ್ಮೆ ‘ಅತ್ತಿಗೆ’ ಎನ್ನುವ ಮೈದುನ ಆ ರಾತ್ರಿಯ ನಂತರ ಆ ಪದವನ್ನೇ ಆಡದಿದ್ದರೆ? ಗಂಡನಿಗೆ ‘ನೀವು’ ಎನ್ನುತ್ತಿದ್ದವಳು ಜಗಳದ ನಡುವೆ ‘ನೀನು’ಗೆ ಇಳಿದರೆ ಅಲ್ಲಿ ‘ಕಿರುಚಿದಳು’ ಎಂದು ಬರೆಯುವ ಅಗತ್ಯವಿಲ್ಲ. ಕಾಣೆಯಾದವನ ಬಗ್ಗೆ ಯಾರೋ ಬಾಯಿತಪ್ಪಿ ಭೂತಕಾಲದಲ್ಲಿ ಮಾತಾಡಿ ಸಿಕ್ಕಿಬೀಳುವ ಉಪಾಯ ಮಾತ್ರ ಸವೆದುಹೋಗಿದೆ, ಬಿಟ್ಟುಬಿಡಿ. ಸತ್ತ ಮಗನ ಬಗ್ಗೆ ತಾಯಿ ವರ್ತಮಾನದಲ್ಲೇ ಮಾತಾಡುತ್ತಿರುವುದು, ಉಳಿದವರು ತಿದ್ದದೆ ಸುಮ್ಮನಿರುವುದು, ಇನ್ನೂ ಸವೆದಿಲ್ಲ.

ಶೋಕವನ್ನು ಕಥೆಗೆ ಹೂಡುವುದು

ದುಃಖಕ್ಕೆ ಐದು ಹಂತ ಎಂಬ ಸೂತ್ರ ಹಿಡಿದು ಪಾತ್ರವನ್ನು ನಿರಾಕರಣೆಯಿಂದ ಸ್ವೀಕಾರದವರೆಗೆ ಮೆರವಣಿಗೆ ಮಾಡಿಸಬೇಡಿ. ಮನೋವೈದ್ಯೆ ಎಲಿಜಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಆ ಹಂತಗಳನ್ನು ಹೇಳಿದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳನ್ನು ಕಂಡು. ಉಳಿದವರ ದುಃಖಕ್ಕೆ ಅದನ್ನು ಹೊಂದಿಸಿದ್ದು ಆಮೇಲೆ. ಕಥೆಗಾರರಿಗೆ ಹೆಚ್ಚು ಕೆಲಸಕ್ಕೆ ಬರುವುದು ಮನಶ್ಶಾಸ್ತ್ರಜ್ಞರಾದ ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶೂಟ್ 1999ರಲ್ಲಿ ಮಂಡಿಸಿದ ಮಾದರಿ: ದುಃಖದಲ್ಲಿರುವವರು ಕಳೆದುಕೊಂಡದ್ದರ ಕಡೆಗೂ ದಿನದ ಬದುಕಿನ ಕಡೆಗೂ ತೂಗಾಡುತ್ತಿರುತ್ತಾರೆ. ಬೆಳಿಗ್ಗೆ ವಿಮೆಯ ಅರ್ಜಿ ತುಂಬಿದವಳು ಮಧ್ಯಾಹ್ನ ಮಗನ ಚಪ್ಪಲಿ ಕಂಡು ಕುಸಿಯುತ್ತಾಳೆ, ಸಂಜೆ ಮಗಳಿಗೆ ಪರೀಕ್ಷೆಯ ಶುಲ್ಕ ಕಟ್ಟುತ್ತಾಳೆ. ದೃಶ್ಯಗಳನ್ನು ಈ ತೂಗಾಟದಲ್ಲೇ ಜೋಡಿಸಿದರೆ ಸಸ್ಪೆನ್ಸ್‌ಗೆ ಬೇಕಾದ ಏರಿಳಿತ ತಾನಾಗಿ ಬರುತ್ತದೆ. ಗಂಡ ಹೆಂಡತಿ ಒಂದೇ ಹೊತ್ತಿಗೆ ಒಂದೇ ಕಡೆ ತೂಗದಂತೆ ನೋಡಿಕೊಳ್ಳಿ; ಅವಳು ಅಳುವಾಗ ಅವನು ಕಾಗದಪತ್ರ ಜೋಡಿಸುತ್ತಿದ್ದರೆ ಅದೇ ಅನುಮಾನಕ್ಕೆ ಬೀಜ.

ಹೆಣ ಸಿಗದ ಕಥೆಯಾದರೆ ಲೆಕ್ಕ ಬೇರೆ. ಕುಟುಂಬ ಚಿಕಿತ್ಸಕಿ ಪಾಲಿನ್ ಬಾಸ್ ‘ಅಸ್ಪಷ್ಟ ನಷ್ಟ’ ಎಂದು ಕರೆದ ಸ್ಥಿತಿ ಅದು: ಅಳುವುದೂ ದ್ರೋಹ, ಆಶೆ ಇಟ್ಟುಕೊಳ್ಳುವುದೂ ಹಿಂಸೆ. ಅಂಥ ಮನೆಯಲ್ಲಿ ಕೋಣೆ ಖಾಲಿ ಮಾಡುವ ಪ್ರಸ್ತಾಪವೊಂದೇ ಇಡೀ ದೃಶ್ಯಕ್ಕೆ ಸಾಕು.

ಕೇಳುತ್ತ ಹೋದಂತೆ ನೆನಪೇ ಬದಲಾಗುತ್ತದೆ ಎಂಬುದನ್ನೂ ಬಳಸಿಕೊಳ್ಳಿ. 1974ರ ಒಂದು ಪ್ರಯೋಗದಲ್ಲಿ ಮನಶ್ಶಾಸ್ತ್ರಜ್ಞರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಕಾರು ಅಪಘಾತದ ಚಲನಚಿತ್ರದ ತುಣುಕು ತೋರಿಸಿ ವೇಗ ಎಷ್ಟಿತ್ತು ಎಂದು ಕೇಳಿದರು. ಪ್ರಶ್ನೆಯಲ್ಲಿ ‘ಅಪ್ಪಳಿಸಿದಾಗ’ ಎಂಬರ್ಥದ ಪದವಿದ್ದರೆ ಜನ ಹೆಚ್ಚು ವೇಗ ಹೇಳಿದರು. ವಾರದ ನಂತರ, ಚಿತ್ರದಲ್ಲಿ ಇಲ್ಲದ ಒಡೆದ ಗಾಜನ್ನೂ, ಬೇರೆ ಪದ ಕೇಳಿದವರಿಗಿಂತ ಅವರಲ್ಲೇ ಹೆಚ್ಚು ಮಂದಿ ಕಂಡಿದ್ದಾಗಿ ಹೇಳಿದರು. ‘ಬಿಳಿ ಕಾರು ಕಂಡಿರಾ?’ ಎಂದು ತಾಯಿ ಊರೆಲ್ಲ ಕೇಳಿಕೊಂಡು ಬಂದರೆ ಇಲ್ಲದ ಬಿಳಿ ಕಾರಿಗೆ ಸಾಕ್ಷಿ ಸಿದ್ಧವಾಗುತ್ತದೆ. ಓದುಗನ ದಾರಿ ತಪ್ಪಿಸಲು, ಯಾರೂ ಬೇಕೆಂದು ಸುಳ್ಳು ಹೇಳದ ಇಂಥ ಸುಳಿವೇ ಉತ್ತಮ.

ಶವಾಗಾರ, ಠಾಣೆ: ತಪ್ಪುವ ಜಾಗಗಳು

ಸತ್ತ ಸಮಯವನ್ನು ಯಾವ ವೈದ್ಯರೂ ನಿಮಿಷ ಸಮೇತ ಹೇಳುವುದಿಲ್ಲ, ಅಂದಾಜಿನ ಅವಧಿ ಹೇಳುತ್ತಾರೆ. ದೇಹ ಸೆಟೆಯುವುದು ಕೆಲವು ಗಂಟೆಗಳಲ್ಲಿ ಶುರುವಾಗಿ, ಸುಮಾರು 12 ಗಂಟೆಗೆ ಪೂರ್ತಿಯಾಗಿ, ಒಂದೆರಡು ದಿನದಲ್ಲಿ ಸಡಿಲವಾಗುತ್ತದೆ. ಬಿಸಿಲು, ಚಳಿ, ಮೈಕಟ್ಟು ಇದನ್ನು ಹಿಂದೆ ಮುಂದೆ ಮಾಡುತ್ತವೆ. ನೀರಿಗೆ ಬಿದ್ದ ದೇಹ ಸಾಮಾನ್ಯವಾಗಿ ಮೊದಲು ಮುಳುಗುತ್ತದೆ, ಕೊಳೆತ ಅನಿಲ ತುಂಬಿದಾಗ ಮೇಲೆ ಬರುತ್ತದೆ: ಬೆಚ್ಚಗಿನ ನೀರಲ್ಲಿ ಒಂದೆರಡು ದಿನ, ಕೊರೆಯುವ ನೀರಲ್ಲಿ ವಾರಗಟ್ಟಲೆ. ನಮ್ಮ ಉದಾಹರಣೆಯಲ್ಲಿ ಮೂರನೆಯ ಬೆಳಿಗ್ಗೆ ಎಂದಿಟ್ಟದ್ದು ಬೆಚ್ಚನೆಯ ಕಾಲಕ್ಕೆ. ಹಿಮ ಬೀಳುವ ಊರಿನ ಕಥೆಗೆ ಅದನ್ನು ಎತ್ತಿಟ್ಟರೆ ತಪ್ಪಾಗುತ್ತದೆ.

ಮುಳುಗಿ ಸತ್ತದ್ದನ್ನು ಒಂದೇ ಪರೀಕ್ಷೆಯಿಂದ ಸಾಬೀತು ಮಾಡಲಾಗದು. ಮೂಗು ಬಾಯಲ್ಲಿ ನೊರೆ, ಉಬ್ಬಿದ ಶ್ವಾಸಕೋಶ ಹೊಂದುವ ಲಕ್ಷಣಗಳು, ಅಷ್ಟೇ. ಉಳಿದ ಕಾರಣಗಳನ್ನು ತಳ್ಳಿಹಾಕಿ ನಿರ್ಧಾರಕ್ಕೆ ಬರುತ್ತಾರೆ. ತಾನಾಗಿ ಬಿದ್ದನೋ ತಳ್ಳಿದರೋ ಎಂಬುದನ್ನು ದೇಹ ಹೇಳದೇ ಇರಬಹುದು. ವೈದ್ಯಶಾಸ್ತ್ರ ಬಾಯಿ ಮುಚ್ಚುವ ಈ ಜಾಗದಲ್ಲೇ ನಿಮ್ಮ ಕಾದಂಬರಿ ನಿಂತಿದೆ. ರಕ್ತದಲ್ಲಿ ವಿಷ, ಮದ್ಯ ಹುಡುಕುವ ವರದಿ ಬರಲು ವಾರಗಳು ಹಿಡಿಯುತ್ತವೆ; ಮರುದಿನವೇ ತರಿಸಬೇಡಿ, ಆ ಕಾಯುವಿಕೆಯನ್ನು ಕಥೆಯ ನಡುಭಾಗಕ್ಕೆ ಬಳಸಿ.

ಮೊಬೈಲ್ ಗೋಪುರದ ದಾಖಲೆ ಒಂದು ಪ್ರದೇಶವನ್ನಷ್ಟೇ ತೋರಿಸುತ್ತದೆ, ಜನವಸತಿ ವಿರಳವಾದಲ್ಲಿ ಅದು ಹಲವು ಕಿಲೋಮೀಟರ್ ಇರಬಹುದು. ಚಿಕ್ಕಪ್ಪನ ಮನೆಗೂ ಜಲಾಶಯದ ರಸ್ತೆಗೂ ಒಂದೇ ಗೋಪುರ ಎಂದಿಟ್ಟರೆ ಪೊಲೀಸರಿಗೆ ಅವನ ಮೇಲೆ ಅನುಮಾನ ಬರದಿರಲು ನ್ಯಾಯವಾದ ಕಾರಣ ಸಿಕ್ಕಂತೆ. ಕಾಣೆಯಾದ ದೂರಿಗೆ 24 ಗಂಟೆ ಕಾಯಬೇಕು ಎಂಬುದು ತೆರೆಯ ಮೇಲಿನ ನಿಯಮ. ಕ್ಲೋರೋಫಾರ್ಮ್ ಕರವಸ್ತ್ರದಿಂದ ಯಾರೂ ಮೂರು ಸೆಕೆಂಡಿನಲ್ಲಿ ಮೂರ್ಛೆ ಹೋಗುವುದಿಲ್ಲ, ನಿಮಿಷಗಳೇ ಬೇಕು. ತಲೆಗೆ ಪೆಟ್ಟು ಬಿದ್ದು ಒಂದು ಗಂಟೆ ಎಚ್ಚರ ತಪ್ಪಿದವನು ಎದ್ದು ಓಡುವುದಿಲ್ಲ. ಅವನಿಗೆ ಮಿದುಳಿನ ಗಂಭೀರ ಗಾಯವಾಗಿದೆ.

ಆತ್ಮಹತ್ಯೆಯ ಎಳೆ ಇದ್ದರೆ ವಿಧಾನದ ವಿವರಕ್ಕೆ ಇಳಿಯಬೇಡಿ. ಕಥೆಗೆ ಅದು ಬೇಕಾಗುವುದಿಲ್ಲ, ಓದುತ್ತಿರುವ ಯಾರಿಗಾದರೂ ಅಪಾಯವಾದೀತು.

ತಿದ್ದುವಾಗ

ಮೊದಲ ಕರಡು ಮುಗಿದ ಮೇಲೆ ಕಾದಂಬರಿಯನ್ನು ಪಾತ್ರಕ್ಕೊಂದು ಸಲದಂತೆ ಓದಿ: ಬರೀ ಚಿಕ್ಕಪ್ಪನ ದೃಶ್ಯಗಳು, ಆಮೇಲೆ ಬರೀ ಅಕ್ಕನವು. ಹೆಣ ಸಿಗುವ ಮುಂಚೆ ಚಿಕ್ಕಪ್ಪ ಹುಡುಕಾಟಕ್ಕೆ ಹೊರಟಾಗ ಜಲಾಶಯದ ದಿಕ್ಕನ್ನು ಅವನು ಹೇಗೆ ತಪ್ಪಿಸುತ್ತಾನೆ? ಎರಡನೆಯ ಓದಿನಲ್ಲಿ ಅವನ ಒಂದೊಂದು ಮಾತಿಗೂ ಬೇರೆ ಅರ್ಥ ಬರಬೇಕು, ಆದರೆ ಮೊದಲ ಓದಿನಲ್ಲಿ ಸಂಕೋಚದ ಮನುಷ್ಯ ಎಂದಷ್ಟೇ ಕಾಣಬೇಕು.

ಕಥೆ ಗೊತ್ತಿಲ್ಲದ ಮೂವರಿಗೆ ಓದಲು ಕೊಡಿ. ‘ಚೆನ್ನಾಗಿದೆಯಾ?’ ಎಂದು ಕೇಳಬೇಡಿ. ಹತ್ತು ದೃಶ್ಯಕ್ಕೊಮ್ಮೆ ಅಂಚಿನಲ್ಲಿ ಎರಡು ಸಾಲು ಬರೆಯಲು ಹೇಳಿ: ಈಗ ಯಾರ ಮೇಲೆ ಅನುಮಾನ, ಯಾಕೆ. ಮೂವರೂ ಅರ್ಧಕ್ಕೇ ಚಿಕ್ಕಪ್ಪನನ್ನು ಹೆಸರಿಸಿದರೆ ಸೀಟಿನ ಎರಡನೆಯ ಪ್ರಸ್ತಾಪವನ್ನು ಮಂಕುಮಾಡಿ. ಕೊನೆಯವರೆಗೂ ಒಬ್ಬರಿಗೂ ಅವನ ಹೆಸರು ಹೊಳೆಯಲಿಲ್ಲವೆಂದರೆ ಹಿಗ್ಗಬೇಡಿ. ಸುಳಿವು ಸಾಲದು ಎಂದರ್ಥ. ಒಬ್ಬರು ಊಹಿಸಿ, ಇಬ್ಬರು ತಪ್ಪಿ, ಮೂವರೂ ಕೊನೆಯಲ್ಲಿ ಹಿಂದಿನ ಪುಟ ತಿರುವಿ ನೋಡಿದರೆ ತೂಕ ಸರಿಯಿದೆ.

ನಿಜ ಹೊರಬಂದ ಮೇಲೆ ಉಳಿಯುವುದು ಐದಾರು ದೃಶ್ಯ. ಚಿಕ್ಕಪ್ಪನ ಬಾಯಿಂದ ಎರಡು ಪುಟದ ತಪ್ಪೊಪ್ಪಿಗೆ ಹೇಳಿಸಿದರೆ ಅಲ್ಲಿಯವರೆಗೆ ಕಟ್ಟಿದ್ದೆಲ್ಲ ಸಾರಾಂಶವಾಗಿಬಿಡುತ್ತದೆ. ಅವನು ಅರ್ಧ ಹೇಳಲಿ, ಉಳಿದರ್ಧವನ್ನು ತಾಯಿ ಪೂರ್ತಿ ಮಾಡಲಿ. ಸೀಟು, ಸಮಯ, ಬರದೇ ಹೋದ ‘ಅತ್ತಿಗೆ’ ಎಲ್ಲವೂ ಅವಳ ಕೈಯಲ್ಲೇ ಇವೆಯಲ್ಲ. ಪೊಲೀಸರ ಮುಂದೆ ಹೋಗುವುದೋ ಬೇಡವೋ ಎಂಬ ತೀರ್ಮಾನ ಮನೆಯವರದೇ ಆಗಲಿ, ನಾಲ್ವರಲ್ಲಿ ಒಬ್ಬರಾದರೂ ಒಪ್ಪದೇ ಇರಲಿ. ಆ ಒಪ್ಪದವರು ಯಾರು ಎಂಬುದನ್ನು ಮಾತ್ರ ಮೊದಲ ಅಧ್ಯಾಯ ಬರೆಯುವ ಮುಂಚೆಯೇ ಗೊತ್ತುಮಾಡಿಕೊಂಡಿರಿ, ಯಾಕೆಂದರೆ ಅವರ ಆ ಹಟಕ್ಕೆ ಬೇಕಾದ ಸುಳಿವುಗಳನ್ನೂ ಲೆಕ್ಕಪುಸ್ತಕದಲ್ಲಿ ಅಲ್ಲಿಂದಲೇ ಇಡುತ್ತಾ ಬರಬೇಕು.